ಹತ್ತನೆಯ ಹಾಡಿನ ಟ್ರಂಪೆಟ್

೧೯೯೮ರ ಆ ಭಾನುವಾರಕ್ಕೆ ನಮ್ಮ ಬ್ಯಾಂಡಿನ ಮೊದಲ ಆಲ್ಬಮ್‌ನ ಹತ್ತು ಹಾಡುಗಳಲ್ಲಿ ಒಂಬತ್ತು ಮುಗಿದಿದ್ದವು. ಹತ್ತನೆಯದಕ್ಕೆ ಎಲಿಸೆಯೊನ ಟ್ರಂಪೆಟ್ ಮಾತ್ರ ಬಾಕಿ. ಸ್ಟುಡಿಯೊ ಸಿಕ್ಕಿದ್ದು ಸೋಮವಾರ ಬೆಳಿಗ್ಗೆ ಎಂಟರಿಂದ ಎರಡು ತಾಸು ಮಾತ್ರ. ಆಮೇಲೆ ಅದರ ಮಾಲೀಕ ಮೆಕ್ಸಿಕೊ ನಗರ ಬಿಟ್ಟು ಹೋಗುವವನಿದ್ದ.

ಭಾನುವಾರ ಮಧ್ಯಾಹ್ನ ನಗರದಂಚಿನ ನೆಸಾ ಎಂಬಲ್ಲಿನ ಕಾಂಕ್ರೀಟ್ ಆಟದಂಗಳದಲ್ಲಿ ನಮ್ಮ ಕಾರ್ಯಕ್ರಮ. ನಾವು ನುಡಿಸುವ ಸ್ಕಾ ಪಂಕ್ ಎಂಬ ಅಬ್ಬರದ ಸಂಗೀತಕ್ಕೆ ಬರುವ ಜನ ನಿಂತು ಕೇಳುವವರಲ್ಲ. ಸುತ್ತು ಹಾಕಿ ಓಡುತ್ತಾ ಒಬ್ಬರನ್ನೊಬ್ಬರು ಗುದ್ದುತ್ತಾರೆ. ನಿಯಮ ಒಂದೇ: ಯಾರು ಬಿದ್ದರೂ ಪಕ್ಕದವರು ಎತ್ತಬೇಕು. ಕೊನೆಗೆ ನುಡಿಸುವುದು ಆ ಹತ್ತನೆಯ ಹಾಡನ್ನೇ; ಅದಕ್ಕೆ ಎಲಿಸೆಯೊ ಆ ಸುತ್ತಿನ ನಡುವೆ ಇಳಿದು ಊದುವುದು ನಮ್ಮ ರೂಢಿ.

"ಇವತ್ತು ಇಳೀಬೇಡ ಕಣೋ," ಎಂದಳು ಟ್ರೊಂಬೋನ್ ಊದುವ ಒಫೇಲಿಯಾ. "ನಾಳೆ ನಿನ್ ಮೂತಿ ಬೇಕು."

"ನನ್ ಮೂತಿ ಮೇಲೆ ನಿಂಗ್ಯಾಕೆ ಅಷ್ಟು ಕಣ್ಣು?"

"ಥೂ! ಒದೆ ತಿಂದು ಬಂದ್ರೆ ನಾನ್ ನೋಡಲ್ಲ."

"ಇಳಿಯೋ ಹೇಡಿ!" ಎಂದು ಜನ ಕೂಗಿದರು. ಅವನು ಇಳಿದ. ಟ್ರಂಪೆಟ್‌ನ ಅಗಲ ತುದಿಗೆ ಸಿಕ್ಕಿಸಿದ್ದ ಪುಟ್ಟ ಮೈಕಿನ ಉದ್ದನೆಯ ತಂತಿ ವೇದಿಕೆಯ ಮೇಲಿದ್ದ ಒಫೇಲಿಯಾಳ ಟೇಪ್‌ರೆಕಾರ್ಡರಿಗೆ ಸೇರಿತ್ತು.

ನಾನು ಬೇಸ್ ಗಿಟಾರ್ ನುಡಿಸುತ್ತಿದ್ದೆ. ಕಂಡದ್ದು ಇಷ್ಟು: ದಪ್ಪ ಮನುಷ್ಯನೊಬ್ಬನ ತಲೆ ಕೆಳಗಿನಿಂದ ಮೇಲೆದ್ದು ಟ್ರಂಪೆಟ್‌ಗೆ ಬಡಿಯಿತು. ಹಿತ್ತಾಳೆ ಎಲಿಸೆಯೊನ ಬಾಯೊಳಗೆ ಹೊಕ್ಕಿತು. ಮೇಲಿನ ಎರಡು ಹಲ್ಲು ಹೋದವು, ತುಟಿ ಮೂಗಿನವರೆಗೆ ಸೀಳಿತು.

"ಬೇಕಂತ್ಲೇ ಹೊಡ್ದ!" ಎಂದು ಯಾರೋ ಚೀರಿದರು. ನಾನು ಗಿಟಾರ್ ಬಿಸುಟು ಜಿಗಿದೆ. ಬೆಲ್ಟಿನ ಬಕ್ಕಲ್‌ಗಳು, ಬೂಟುಗಳು, ಒಂದು ಇಟ್ಟಿಗೆ ಆ ದಪ್ಪ ಮನುಷ್ಯನ ಮೇಲೆ ಬಿದ್ದವು. ಅವನ ಕೈಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಆದರೂ ಇನ್ನೆರಡು ಸಲ ಒದ್ದೆ. ಕೊನೆಗೆ ಏಟು ತಡೆಯಲು ಅವನ ಮೇಲೆ ಅಡ್ಡ ಬಿದ್ದವನು ಎಲಿಸೆಯೊ. ಏನೋ ಹೇಳಲು ನೋಡಿದ; ಬಾಯಿಂದ ಬಂದದ್ದು ರಕ್ತ ಮಾತ್ರ.

ಸೋಮವಾರ ಎಂಟಕ್ಕೆ ಅವನು ಹದಿನಾಲ್ಕು ಹೊಲಿಗೆಗಳೊಂದಿಗೆ ಸ್ಟುಡಿಯೊಗೆ ಬಂದ. ಮೂರು ಸಲ ಊದಲು ನೋಡಿದ. ಒಂದು ಹೊಲಿಗೆ ಬಿಚ್ಚಿತು, ಸ್ವರ ಬರಲಿಲ್ಲ. ಬೇರೆ ದಾರಿಯಿಲ್ಲದೆ ಒಫೇಲಿಯಾ ಹಿಂದಿನ ದಿನದ ಕ್ಯಾಸೆಟ್ ಹಾಕಿದಳು. ಟ್ರಂಪೆಟ್ ಎಂದೂ ಅಷ್ಟು ಚೆನ್ನಾಗಿ ನುಡಿದಿರಲಿಲ್ಲ. ಆಮೇಲೆ ಲೋಹ ಎಲುಬಿಗೆ ಬಡಿದ ಸದ್ದು, ನನ್ನ ಬೈಗುಳ. ನೆಲಕ್ಕೆ ಬಿದ್ದ ಮೈಕಿನ ಪಕ್ಕದಲ್ಲೇ ಒದೆ ತಿನ್ನುತ್ತಿದ್ದವನ ದನಿ: "ಬಿಡ್ರಪ್ಪಾ! ಹುಡುಗಿ ಬಿದ್ದಿದ್ಲು, ಎತ್ತೋಕ್ ಬಗ್ಗಿದ್ದೆ!"

ಎಲಿಸೆಯೊ ಕಾಗದದ ಮೇಲೆ ಬರೆದ: "ಇದನ್ನೇ ಹಾಕಿ. ಕತ್ತರಿಸಬೇಡಿ. ಮೊದಲು ಅವನ ಒಪ್ಪಿಗೆ ಕೇಳಿ."

ಒದೆ ತಿಂದವನ ಹೆಸರು ಅಬುಂದಿಯೊ, ಟೈರ್ ಪಂಕ್ಚರ್ ಹಾಕುವವನು. ಆಸ್ಪತ್ರೆಯಲ್ಲಿ ಅವನ ಒಂದು ಕಣ್ಣು ಮುಚ್ಚಿಹೋಗಿತ್ತು. ನಾನು ಒದ್ದದ್ದನ್ನು ಮೊದಲು ಹೇಳಿ, ಆಮೇಲೆ ಹಾಡಿನ ವಿಷಯ ಕೇಳಿದೆ.

"ಹಾಕ್ಕೊಳ್ರೋ," ಎಂದ. "ಅದಿರ್ಲಿ, ಆ ಹುಡುಗಿನ ಯಾರ್ ಎತ್ತಿದ್ರು?"

ನಾವು ಯಾರೂ ನೋಡಿರಲಿಲ್ಲ.