ಹದಿಮೂರು ತಿಂಗಳ ಹಳೆಯ ಪೊಲೀಸ್ ಪತ್ರ

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ವೀಸಾ ನಿರಾಕರಿಸಿದ ಇ-ಮೇಲ್‌ನಿಂದ ಎಂದುಕೊಂಡಿದ್ದೆ. ಬರೆದು ನೋಡಿದರೆ ಸರ್ಕಾರಿ ಸುತ್ತೋಲೆಯ ಹಾಗಿತ್ತು. ಹರಿದು ಹಾಕಿದೆ. (ಲ್ಯಾಪ್‌ಟಾಪಿನಲ್ಲಿ ಬರೆದದ್ದನ್ನು ಹರಿಯುವುದು ಹೇಗೆಂದು ಕೇಳಬೇಡಿ.)

೧

ಇಂದ್ರೇಣಿ ರಾನಾಮಗರ್, ಇಪ್ಪತ್ತಾರು ವರ್ಷ, ನೇಪಾಳದ ಬುಟ್ವಲ್‌ನವಳು. ಸಿಡ್ನಿಯ ರಾಕ್‌ಡೇಲ್‌ನಲ್ಲಿ ನಾವಿಬ್ಬರೂ ಒಂದೇ ಫ್ಲ್ಯಾಟ್. ಓದುತ್ತಲೇ ವೃದ್ಧಾಶ್ರಮವೊಂದರಲ್ಲಿ ಮುದುಕರಿಗೆ ಸ್ನಾನ ಮಾಡಿಸಿ, ಉಣಿಸಿ, ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿದಳು. ಓದು ಮುಗಿದವರು ಕೆಲ ವರ್ಷ ಉಳಿದು ದುಡಿಯಲು ಕೊಡುವ ವೀಸಾಕ್ಕೆ ಅರ್ಜಿ ಹಾಕಬೇಕಿತ್ತು. ಜೊತೆಗೊಂದು ಪೊಲೀಸ್ ಪತ್ರ ಬೇಕು: ಈಕೆಯ ಮೇಲೆ ಯಾವ ಕೇಸೂ ಇಲ್ಲ ಎಂಬುದಕ್ಕೆ. ಅದನ್ನು ಅರ್ಜಿ ಹಾಕುವ ಹಿಂದಿನ ಹನ್ನೆರಡು ತಿಂಗಳೊಳಗೆ ಕೋರಿರಬೇಕು. ಅವಳ ಹತ್ತಿರ ಇದ್ದದ್ದು ಕೆಲಸಕ್ಕೆಂದು ಮಾಡಿಸಿದ್ದು, ಹದಿಮೂರು ತಿಂಗಳು ಹಳೆಯದು. ಕುತ್ತಿಗೆ ದಪ್ಪಗಿದ್ದ ಏಜೆಂಟನೊಬ್ಬ, "ನಡೆಯುತ್ತೆ, ಹಾಕು," ಎಂದ.

ಇಷ್ಟನ್ನು ಇಂದ್ರೇಣಿ ನನ್ನ ಬೆನ್ನ ಹಿಂದೆ ನಿಂತು ಓದಿದಳು.

"ಯಾರಕ್ಕ ಈ ಏಜೆಂಟ್? ನಾವು ಯಾವ ಏಜೆಂಟ್ ಹತ್ರ ಹೋಗಿದ್ವಿ?"

"ಕಥೆ ಕಣೇ. ಒಬ್ಬ ಖಳನಾಯಕ ಬೇಡ್ವಾ?"

"ಇದ್ದಾರಲ್ಲ. ಟೀ ಕುಡೀತಾ ಕೂತಿದ್ದಾರೆ."

೨

ಏಜೆಂಟನನ್ನು ಅಳಿಸಿದೆ. ಅರ್ಜಿ ಹಾಕಿದ ಆ ಮಂಗಳವಾರ ಮಧ್ಯಾಹ್ನ ನಡೆದದ್ದು ಹೀಗೆ.

"ಅಕ್ಕ, ಇದು ಹಳೇದಾಯ್ತಲ್ವಾ? ಮೊದಲು ಹೊಸದಕ್ಕೆ ಕೇಳ್ಲಾ?"

"ನಾಳೆ ನಿನ್ನ ಸ್ಟೂಡೆಂಟ್ ವೀಸಾ ಮುಗಿಯುತ್ತೆ, ಈಗ ಹೊಸ ತಕರಾರು ತೆಗೀಬೇಡ. ಪೊಲೀಸ್ ಪತ್ರ ಅಂದ್ರೆ ಪೊಲೀಸ್ ಪತ್ರ. ಹಾಕು. ಹೊಸದನ್ನ ಆಮೇಲೆ ಸೇರಿಸೋಣ."

ಹೇಳಿದವಳು ನಾನು. (ಈ ಎರಡು ಪದ ಬರೆಯಲು ನಾಲ್ಕು ಕರಡು ಬೇಕಾದವು.)

ಹೊಸ ಪತ್ರ ಕೈಗೆ ಬಂದಿರಬೇಕೆಂದೂ ಇರಲಿಲ್ಲ, ಅರ್ಜಿಗೆ ಮುನ್ನ ಕೋರಿಕೆ ಸಲ್ಲಿಸಿದ್ದರೆ ಸಾಕಿತ್ತು. ಆನ್‌ಲೈನ್‌ನಲ್ಲಿ ಹತ್ತು ನಿಮಿಷದ ಕೆಲಸ. ಅದನ್ನು ನಾವು ಒಂಬತ್ತು ದಿನ ತಡವಾಗಿ ಮಾಡಿದೆವು. ಪತ್ರ ಬಂತು, ಒಂದು ಕಪ್ಪು ಚುಕ್ಕೆಯೂ ಇಲ್ಲದೆ. ವೀಸಾ ಬರಲಿಲ್ಲ.

೩

ಮೇಲ್ಮನವಿ ಸಲ್ಲಿಸಿ ಒಂದೂವರೆ ವರ್ಷ ಕಾದ ಮೇಲೆ ವಿಚಾರಣೆ. ನಡೆಸಿದವರು ನರೆಗೂದಲಿನ ಹೆಂಗಸು, ಮೆಲುದನಿ. (ಎರಡನೇ ಕರಡಿನಲ್ಲಿ ಆಕೆಯನ್ನು ಕಲ್ಲೆದೆಯವಳನ್ನಾಗಿ ಮಾಡಿದ್ದೆ. ಅದೂ ಸುಳ್ಳು.)

"ಅರ್ಜಿ ಹಾಕೋ ಮುಂಚೆ ಹೊಸ ಪತ್ರಕ್ಕೆ ಕೇಳಿದ್ರಾ?"

"ಇಲ್ಲ, ಮೇಡಂ."

"ಯಾಕೆ?"

ನಾನು ಇಂದ್ರೇಣಿಯ ಪಕ್ಕದಲ್ಲೇ ಕೂತಿದ್ದೆ. ಈಗ ನನ್ನ ಹೆಸರು ಬರುತ್ತದೆ ಎಂದುಕೊಂಡೆ.

"ನಂಗೆ ಗೊತ್ತಾಗ್ಲಿಲ್ಲ," ಎಂದಳು.

ಆಕೆ ಕನ್ನಡಕ ತೆಗೆದರು. "ನಿಮ್ಮ ಪ್ರಾಮಾಣಿಕತೆ ಬಗ್ಗೆ ನಂಗೇನೂ ಅನುಮಾನ ಇಲ್ಲಮ್ಮ. ಆದ್ರೆ ಈ ನಿಯಮ ಸಡಿಲಿಸೋ ಅಧಿಕಾರ ನಂಗಿಲ್ಲ."

ಮನವಿ ವಜಾ. ದೇಶ ಬಿಡಲು ಮೂವತ್ತೈದು ದಿನ.

ವಾಪಸ್ ಬರುವಾಗ ರೈಲಿನಲ್ಲಿ ಕೇಳಿದೆ, "ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಯಮ ಬದಲಾಗ್ತಿತ್ತಾ?" ಇಳಿಯುವ ಸ್ಟೇಷನ್ ಬಂದಾಗ ಬ್ಯಾಗು ಹೆಗಲಿಗೇರಿಸಿದಳು. "ಇದನ್ನ ಬರೀತೀರಿ ಅಂತ ಗೊತ್ತು. ನಿಮ್ಮನ್ನ ಕ್ಷಮಿಸಿದೆ ಅಂತ ಮಾತ್ರ ಬರೀಬೇಡಿ. ಇನ್ನೂ ಇಲ್ಲ."

೪

ಅಂತ್ಯ. ಒಂದು: ವಲಸೆ ಮಂತ್ರಿ ಅವಳ ಮನವಿ ಪತ್ರ ಓದಿ ಕರಗುತ್ತಾರೆ. (ನನಗೇ ನಗು ಬಂತು.) ಇನ್ನೊಂದು: ಅವಳು ಬುಟ್ವಲ್‌ನಲ್ಲಿ ವೃದ್ಧಾಶ್ರಮ ತೆರೆಯುತ್ತಾಳೆ.

"ನಮ್ಮೂರ ಮುದುಕಿಯರಿಗೆ ಬೈಯೋಕೆ ಸೊಸೆ ಬೇಕು ಅಕ್ಕ, ಆಶ್ರಮಕ್ಕೆ ಯಾರು ಬರ್ತಾರೆ?" ಎಂದು ಇಂದ್ರೇಣಿ ಅದನ್ನೂ ಹೊಡೆದುಹಾಕಿದಳು.

ಹೊರಡಲು ಇನ್ನು ಇಪ್ಪತ್ತೆರಡು ದಿನ. ಊರಿಗೆ ಇನ್ನೂ ತಿಳಿಸಿಲ್ಲ. ಇವತ್ತು ಭಾನುವಾರ ಮಧ್ಯಾಹ್ನ ಅವಳ ಅಮ್ಮನ ವಿಡಿಯೊ ಕರೆ ಬಂತು. ಇಂದ್ರೇಣಿ ಫೋನನ್ನು ನನ್ನ ಕೈಗಿಟ್ಟಳು.

"ಕಥೆ ಹೇಳೋರು ನೀವು. ಹೇಳಿ."

ಪರದೆಯಲ್ಲಿ ಅಮ್ಮ, ಹೊಲಿಗೆ ಅಂಗಡಿಯಲ್ಲಿ, ಕೊರಳಲ್ಲಿ ಅಳತೆಯ ಟೇಪು. "ಊಟ ಆಯ್ತಾ ಮಗಳೇ? ಇವಳ ಕಾಗದ ಬಂತಾ?"

ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟೆ: ತೀರ್ಪು, ಉಳಿದ ದಿನಗಳು, ನಾನು ಆಡಿದ ಮಾತು. ಪರದೆಯಲ್ಲಿ ಅಮ್ಮನ ಮುಖ ನಿಂತಲ್ಲೇ ನಿಂತಿತ್ತು. ನೆಟ್‌ವರ್ಕ್. ಆಮೇಲೆ ಅಲುಗಾಡಿತು.

"ಏನಂದೆ? ಒಂದೂ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು, ಮಗಳೇ."