ಹಳೆಯ ಸರ್ವರ್‌ನಲ್ಲಿ ಉಳಿದವರು

ನನಗೊಂದು ಸಣ್ಣ ಚಿಂತೆಯಿದೆ. ದಿನಚರಿಯಲ್ಲೂ ಅದನ್ನು ಪುಟದ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ: ಚಿಕ್ಕಮ್ಮನಿಗೆ ಮಾಡಿಕೊಟ್ಟ ಅಡ್ಡದಾರಿಯ ವಿಷಯ ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ.

ಚಿಕ್ಕಮ್ಮ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಅಂಥ ನಲವತ್ತು ಕ್ಲಿನಿಕ್ಕುಗಳಿಗೆ ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವ ಸಾಫ್ಟ್‌ವೇರ್ ನಮ್ಮ ಕಂಪನಿಯದು. ಆರು ತಿಂಗಳ ಹಿಂದೆ ಚಿಕ್ಕಮ್ಮ ದೂರಿದರು: "ನಿಮ್ಮ ಸಾಫ್ಟ್‌ವೇರು ಒಂದು ಹೆಸರು ಹತ್ತಿಸ್ಕೊಳ್ಳೋಷ್ಟರಲ್ಲಿ ಪೇಷಂಟಿನ ಹಲ್ಲು ತಾನಾಗೇ ಉದುರಿಹೋಗುತ್ತೆ ಕಣೇ." ಮೀಟಿಂಗಿನಲ್ಲಿ ಎದ್ದು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಆ ಒಂದು ವಾಕ್ಯವನ್ನು ತಪ್ಪಿಸಿಕೊಳ್ಳಲು ನಾನು ಎರಡು ಭಾನುವಾರ ಕೂತು, ನೇರವಾಗಿ ಡೇಟಾಬೇಸಿಗೇ ಬರೆಯುವ ಪುಟ್ಟ ಪ್ರೋಗ್ರಾಂ ಮಾಡಿ ಅವರ ಕಂಪ್ಯೂಟರಿಗೆ ಹಾಕಿಕೊಟ್ಟೆ. ಸರ್ವರ್‌ನ ವಿಳಾಸ, ಪಾಸ್‌ವರ್ಡು ಎಲ್ಲ ಅದರ ಹೊಟ್ಟೆಯೊಳಗೇ.

ಇವತ್ತು ಆ ಸರ್ವರ್ ಬಿಟ್ಟು ಬೇರೆ ಕ್ಲೌಡ್‌ಗೆ ಗುಳೆ ಹೋಗುವ ದಿನ. ಒಂಬತ್ತು ದಿನಗಳಿಂದ ಹೊಸ ಸರ್ವರ್ ಹಳೆಯದರ ಬೆನ್ನುಬಿದ್ದು, ಅದು ಬರೆದದ್ದನ್ನೆಲ್ಲ ತಾನೂ ಬರೆದುಕೊಳ್ಳುತ್ತಿತ್ತು. ಉಳಿದದ್ದು ಕೊನೆಯ ಹೆಜ್ಜೆ. ಕ್ಲಿನಿಕ್ಕುಗಳು ಊಟಕ್ಕೆ ಮುಚ್ಚಿರುವಾಗ, ಮಧ್ಯಾಹ್ನ ಒಂದೂಮುಕ್ಕಾಲಿಗೆ, ಎಲ್ಲರನ್ನೂ ಹಳೆಯದರಿಂದ ಇಳಿಸಿ ಹೊಸದಕ್ಕೆ ಹತ್ತಿಸಬೇಕು.

"ಮೂರೇ ನಿಮಿಷ," ಎಂದರು ನಮ್ಮ ಟೀಮ್ ಲೀಡರ್. "ನಾಲ್ಕನೇ ನಿಮಿಷ ಆಯ್ತೋ, ಅರ್ಧ ಮೀಸೆ ಬೋಳಿಸ್ಕೊಳ್ತೀನಿ."

ಅವರಿಗೆ ಮೀಸೆ ಇರಲಿಲ್ಲ.

ನನ್ನ ಲೆಕ್ಕಾಚಾರ ಹೀಗಿತ್ತು: ಚಿಕ್ಕಮ್ಮನೂ ಊಟಕ್ಕೆ ಎದ್ದಿರುತ್ತಾರೆ, ಕೆಲಸ ಮುಗಿದೊಡನೆ ತಲೆನೋವೆಂದು ಹೇಳಿ ಓಡಿಹೋಗಿ ಅಲ್ಲಿ ವಿಳಾಸ ಬದಲಿಸಿಬಿಟ್ಟರಾಯಿತು.

ಗೋಡೆಯ ಪರದೆಯ ಮೇಲೆ ಹಳೆಯ ಸರ್ವರ್‌ಗೆ ಅಂಟಿಕೊಂಡಿದ್ದವರ ಸಂಖ್ಯೆ ನಲವತ್ತರಿಂದ ಹನ್ನೆರಡಕ್ಕಿಳಿಯಿತು, ಮೂರಾಯಿತು, ಒಂದಾಯಿತು. ಅಲ್ಲೇ ನಿಂತಿತು.

"ಯಾರಿದು?" ಎಂದು ಮುಂದೆ ಬಾಗಿದವರು ಚಿಲಕ. ಭದ್ರತೆಯ ಕೆಲಸ ಅವರದು. ಬಿಸ್ಕತ್ತಿನ ಡಬ್ಬಿಗೂ ಪಾಸ್‌ವರ್ಡ್ ಹಾಕುವ ಮನುಷ್ಯನೆಂದು ಆಫೀಸಿಗೆ ಆಫೀಸೇ ಹಾಗೆ ಕರೆಯುತ್ತದೆ. "ನಮ್ಮ ಪಟ್ಟಿಯಲ್ಲಿಲ್ಲ. ಸರ್, ಕಳ್ಳ! ಕಳ್ಳ ನುಗ್ಗಿದ್ದಾನೆ!" ಅವರ ಮುಖದಲ್ಲಿ ಇಷ್ಟು ಸಂತೋಷವನ್ನು ನಾನೆಂದೂ ಕಂಡಿರಲಿಲ್ಲ.

"ಏನು ಮಾಡ್ತಿದ್ದಾನೆ?"

"ಬರೀತಿದ್ದಾನೆ ಸರ್. 'ದವಡೆ ಹಲ್ಲು ಕೀಳುವುದು, ಮೂರೂವರೆ.' ಎಂಥ ನಾಜೂಕು ನೋಡಿ, ಥೇಟ್ ರಿಸೆಪ್ಷನಿಸ್ಟ್ ಥರಾನೇ ನಟಿಸ್ತಿದ್ದಾನೆ."

ನಾನು ಕಾರಿಡಾರಿಗೆ ಹೋಗಿ, ಗೋಡೆಗೆ ಮುಖಮಾಡಿ ಫೋನ್ ಮಾಡಿದೆ.

"ಚಿಕ್ಕಮ್ಮ, ಊಟಕ್ಕೆ ಏಳಲಿಲ್ವಾ?"

"ಊಟ ಮಾಡ್ತಾನೇ ಇದೀನಿ. ಒಂದು ಕೈ ಬಾಯಿಗೆ, ಒಂದು ಕೈ ಕಂಪ್ಯೂಟರಿಗೆ. ಬೆಳಿಗ್ಗೆಯಿಂದ ಫೋನಲ್ಲಿ ಬಂದಿದ್ದನ್ನೆಲ್ಲ ಚೀಟಿಲಿ ಗೀಚಿಟ್ಟಿರ್ತೀನಲ್ಲ, ಹತ್ತಿಸೋದು ಈಗ್ಲೇ ತಾನೇ? ಅದಿರ್ಲಿ, ಯಾಕೆ ಪಿಸಪಿಸ ಅಂತೀಯಾ? ಯಾರಾದ್ರೂ ಹೋಗ್ಬಿಟ್ರಾ?"

"ಯಾರೂ ಹೋಗಿಲ್ಲ. ಅದನ್ನ ಈಗ ಮುಚ್ಚಿಬಿಡಿ, ದಮ್ಮಯ್ಯ."

"ಅಯ್ಯೋ, ಇನ್ನು ಹನ್ನೊಂದೇ ಚೀಟಿ. ಅವಸರ ಅಂದ್ರೆ ಬೇಗ ಬೇಗ ಮುಗಿಸ್ತೀನಿ ಬಿಡು," ಎಂದು ಫೋನಿಟ್ಟರು.

ಒಳಗೆ ಬಂದಾಗ ಚಿಲಕ ಕುರ್ಚಿ ಬಿಟ್ಟು ನಿಂತಿದ್ದರು. "ಸರ್, ನಾವು ನೋಡಿದ್ದು ಅವನಿಗೆ ಗೊತ್ತಾಗಿದೆ! ನೋಡಿ, ವೇಗ ಹೆಚ್ಚಿಸಿದ!"

ಪರದೆಯಲ್ಲಿ ಒಂದರ ಹಿಂದೊಂದು ಸಾಲು ಬೀಳುತ್ತಿದ್ದವು. ಹುಳುಕು ತುಂಬುವುದು. ಹಲ್ಲು ಸ್ವಚ್ಛ ಮಾಡುವುದು. ಮಗು, ಕಚ್ಚುತ್ತದೆ, ಎಚ್ಚರಿಕೆ.

"'ಕಚ್ಚುತ್ತದೆ' ಅಂದ್ರೆ ಏನೋ ಗುಪ್ತ ಸಂಕೇತ ಇರ್ಬೇಕು," ಎಂದರು ಲೀಡರ್, ಬೆವರೊರೆಸಿಕೊಳ್ಳುತ್ತ. "ಎರಡು ಗಂಟೆಗೆ ಕ್ಲಿನಿಕ್ಕುಗಳು ತೆರೆಯುತ್ತವೆ ಮಾರಾಯಾ. ಏನಾದ್ರೂ ಮಾಡು."

"ಆ ವಿಳಾಸಾನೇ ಕಡಿದುಹಾಕ್ತೀನಿ. ಅಲ್ಲಿಂದ ಬಂದಿರೋ ಸಾಲುಗಳನ್ನ, ಆರು ತಿಂಗಳದ್ದಿರಲಿ, ವರ್ಷದ್ದಿರಲಿ, ಎರಡೂ ಕಡೆ ಒಂದೂ ಬಿಡದೆ ಅಳಿಸ್ತೀನಿ. ಎರಡು ಸಾವಿರ ಚಿಲ್ಲರೆ ಇವೆ. ಸರಿ ಅಂತೀರಾ?"

ಎರಡು ಗಂಟೆಗೆ ಊದಿದ ಕೆನ್ನೆ ಹಿಡಿದು ಬರುವವರಿಗೆ ಅಲ್ಲಿ ಹೆಸರೇ ಇರುವುದಿಲ್ಲ. ಚಿಕ್ಕಮ್ಮ ಬಾಯಿ ಮಾಡುತ್ತಾರೆ, ಡಾಕ್ಟರು ಚಿಕ್ಕಮ್ಮನ ಮೇಲೇ ಹರಿಹಾಯುತ್ತಾರೆ. ಚಿಕ್ಕಮ್ಮ ನನ್ನ ಹೆಸರು ಹೇಳುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು, ಮತ್ತು ಅದೇ ತಡೆಯಲಾಗಲಿಲ್ಲ.

"ಸರಿ, ಅಳಿಸು," ಎಂದರು ಲೀಡರ್. ಚಿಲಕರ ಬೆರಳು ಕೀಲಿಯ ಮೇಲೆ ಬಂತು.

ನಾನು ಎದ್ದು ನಿಂತೆ. ಮೊಣಕಾಲು ತಗುಲಿ ಕುರ್ಚಿ ಹಿಂದಕ್ಕೆ ಬಿತ್ತು. ಇಡೀ ಕೋಣೆ, ಇವಳಿಗೆ ಬಾಯಿದೆಯೇ ಎಂಬಂತೆ, ನನ್ನತ್ತ ತಿರುಗಿತು.

"ಅಳಿಸಬೇಡಿ ಸರ್. ಅದು ಕಳ್ಳ ಅಲ್ಲ, ನಮ್ಮ ಚಿಕ್ಕಮ್ಮ. ಒಳಗೆ ಬಿಟ್ಟವಳು ನಾನೇ."