ಪೆನ್ಸಿಲ್ ಗುರುತುಗಳನ್ನು ದಾನಿಗಳೇ ಅಳಿಸಿ ಕೊಡತಕ್ಕದ್ದು

೧.

ಸಾವಿನಿಂದ ಶುರು ಮಾಡಬಹುದು. ಮಾಡುವುದಿಲ್ಲ. ಮೊದಲ ಸಾಲಿನಲ್ಲೇ ಸಾವು ಬಂದರೆ ನೀವು ಅಯ್ಯೋ ಪಾಪ ಅನ್ನುತ್ತೀರಿ. ಪಾಪ ಅಂದಮೇಲೆ ಮುಂದಿನ ಮಾತನ್ನು ಯಾರೂ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ.

ಗೆದ್ದಲಿನಿಂದ ಶುರು ಮಾಡೋಣ. ಭದ್ರಾವತಿಯ ಕಾಗದನಗರದ ಒಂದು ಕ್ವಾರ್ಟರ್ಸ್‌ನಲ್ಲಿ ಗೋಡೆಗೆ ಒರಗಿಸಿ ಇನ್ನೂರ ಹನ್ನೊಂದು ಪುಸ್ತಕ ಜೋಡಿಸಿಟ್ಟಿತ್ತು. ಎಲ್ಲವೂ ಒಂದೇ ವಿಷಯದವು: ಮೈಬಣ್ಣ, ಜನಾಂಗ, ದ್ವೇಷ, ಒಬ್ಬ ಮನುಷ್ಯ ಇನ್ನೊಬ್ಬನನ್ನು ನೋಡಿದಾಗ ನಿಜಕ್ಕೂ ಏನನ್ನು ನೋಡುತ್ತಾನೆ ಅನ್ನುವ ಪ್ರಶ್ನೆ. ಅಮೆರಿಕದವು, ಆಫ್ರಿಕದವು, ಇಂಗ್ಲೆಂಡಿನವು. ಹೆಚ್ಚಿನವು ಸೆಕೆಂಡ್ ಹ್ಯಾಂಡ್. ಗೋಡೆಯೊಳಗಿಂದ ಗೆದ್ದಲು ಬಂತು. ಕೆಳಗಿನ ಸಾಲಿನಿಂದ ಓದಲು ಶುರು ಮಾಡಿತು.

(ಗೆದ್ದಲು ಓದಿತು ಅನ್ನುವುದು ಹಳೇ ಜೋಕು. ಇರಲಿ ಬಿಡಿ. ಈ ಕಥೆಯಲ್ಲಿ ನಗುವುದಕ್ಕೆ ಹೆಚ್ಚಿಗೆ ಏನೂ ಸಿಗುವುದಿಲ್ಲ.)

ಪುಸ್ತಕಗಳು ಆನಂದನವು. ಆನಂದ ಇಂಗ್ಲಿಷ್ ಎಂ.ಎ., ಅತಿಥಿ ಉಪನ್ಯಾಸಕ, ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಪುಟ್ಟಯ್ಯನ ಮಗ, ಸಂಘಮಿತ್ರಾಳ ಗಂಡ. ಹನ್ನೊಂದು ತಿಂಗಳ ಹಿಂದೆ, ಮಲವಗೊಪ್ಪದ ಹತ್ತಿರ, ಬೈಕು, ಮಧ್ಯಾಹ್ನ.

ಹೇಳಿಬಿಟ್ಟೆ. ಅಯ್ಯೋ ಪಾಪ ಅಂದುಕೊಂಡಿರಾ? ಮುಗಿಸಿ. ಕಾಯುತ್ತೇನೆ.

೨.

ಸಂಘಮಿತ್ರಾ ಇನ್ನೂ ಅತ್ತಿಲ್ಲ. ಎರಡು ಡ್ರಾಫ್ಟ್‌ಗಳಲ್ಲಿ ಅವಳು ಅಳುವಂತೆ ಮಾಡಲು ನೋಡಿದೆ. ಮೊದಲನೆಯದರಲ್ಲಿ ಅವಳು ಆನಂದನ ಶರ್ಟು ತಬ್ಬಿಕೊಂಡು ಕೂತಿದ್ದಳು. “ಆ ಶರ್ಟು ಒಗೆದು ಮಾವನಿಗೆ ಕೊಟ್ಟಾಯ್ತು. ಪ್ಯಾರಾ ತೆಗೀರಿ” ಅಂದಳು. ತೆಗೆದೆ. ಎರಡನೆಯ ಡ್ರಾಫ್ಟ್ ಬಗ್ಗೆ ಅವಳು ಮಾತೇ ಆಡಲಿಲ್ಲ, ನಾನೇ ನಾಚಿಕೊಂಡು ಹರಿದು ಹಾಕಿದೆ.

ಅವಳಿಗೆ ಬೇಕಾಗಿದ್ದು ಒಂದೇ. ಗೆದ್ದಲು ಮೇಲಿನ ಸಾಲಿಗೆ ಹತ್ತುವ ಮೊದಲು ಪುಸ್ತಕಗಳು ಓದುವವರ ಕೈಗೆ ಹೋಗಬೇಕು, ಆನಂದನ ಟಿಪ್ಪಣಿಗಳ ಸಮೇತ.

ಟಿಪ್ಪಣಿ ಅಂದರೆ, ಎಲ್ಲರೂ ಅಂಚಿನಲ್ಲಿ ಬರೆಯುವ ‘ಮುಖ್ಯ’, ‘ಗಮನಿಸಿ’ ಅಲ್ಲ. ಸಮುದ್ರದಾಚೆ ಆದದ್ದರ ಪಕ್ಕದಲ್ಲಿ ಇಲ್ಲಿ ಆದದ್ದನ್ನು ಪೆನ್ಸಿಲ್‌ನಲ್ಲಿ, ತಾರೀಖು ಹಾಕಿ ಬರೆದಿಡುವುದು ಆನಂದನ ಚಾಳಿ. ಬಿಳಿಯರ ಸೀಟು, ಕರಿಯರ ಸೀಟು ಅಂತ ಬೋರ್ಡು ಹಾಕಿದ್ದ ರೈಲಿನ ವರ್ಣನೆಯ ಪಕ್ಕ: “ನಮ್ಮ ಬಸ್ಸಿನಲ್ಲಿ ಬೋರ್ಡು ಇಲ್ಲ. ಪಕ್ಕದಲ್ಲಿ ಕೂತವರು ನನ್ನ ಊರು, ಕೇರಿ ಕೇಳಿ ಮುಗಿಸುವಷ್ಟರಲ್ಲಿ ಎದ್ದು ಬೇರೆ ಸೀಟಿಗೆ ಹೋಗುತ್ತಾರೆ.” ತಲೆಬುರುಡೆ ಅಳೆದು ಜನಾಂಗ ಹೇಳುತ್ತಿದ್ದ ವಿಜ್ಞಾನಿಯ ಪಕ್ಕ: “ನಮ್ಮಲ್ಲಿ ಟೇಪು ಬೇಡ. ಒಂದು ಪ್ರಶ್ನೆ ಸಾಕು.” ಮೈಬಣ್ಣದ ಅಧ್ಯಾಯದ ಪಕ್ಕ: “ಅಮ್ಮ ಈ ಬೀದಿಯ ಎಲ್ಲರಿಗಿಂತ ಬೆಳ್ಳಗಿದ್ದಳು. ಏನೂ ಪ್ರಯೋಜನವಾಗಲಿಲ್ಲ.”

ಇಂಥವು ಒಟ್ಟು ಮೂವತ್ತೆಂಟು. ಸಂಘಮಿತ್ರಾ ಎಣಿಸಿದ್ದಳು.

(ಇದು ನಿಮ್ಮದೇ ಕಥೆಯಾ ಅಂತ ಕೇಳುತ್ತೀರಿ, ಗೊತ್ತು. ‘ಅವಳು’ ಅಂತ ಬರೆದರೆ ಬೆನ್ನು ನೆಟ್ಟಗಿಟ್ಟುಕೊಂಡು ಕೂರಬಹುದು. ಅಷ್ಟೇ ಉತ್ತರ.)

೩.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಸಮದರ್ಶಿ ವಾಚನಾಲಯ ಅಂತ ಒಂದಿದೆ. (ಇಲ್ಲ. ಹುಡುಕಿಕೊಂಡು ಹೋಗಬೇಡಿ, ನಾನು ಕಟ್ಟಿದ್ದು.) ನಡೆಸುವವರು ನಿವೃತ್ತ ಪ್ರೊಫೆಸರ್ ವೆಂಕಟಾಚಲ, ಅವರ ಮನೆಯ ಕೆಳಭಾಗದಲ್ಲೇ. ಹೆಂಡತಿ ಜಯಾ ನಿವೃತ್ತ ಟೀಚರ್, ಪುಸ್ತಕಗಳಿಗೆ ನಂಬರು ಹಾಕಿ ರಿಜಿಸ್ಟರ್‌ನಲ್ಲಿ ಬರೆಯುವ ಕೆಲಸ ಅವರದ್ದು. ವರ್ಣಭೇದದ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನು ವೆಂಕಟಾಚಲ ಕನ್ನಡಕ್ಕೆ ತಂದಿದ್ದಾರೆ. ಅದರ ಪ್ರೂಫ್ ನೋಡಿಕೊಟ್ಟವನು ಆನಂದ. ಮುನ್ನುಡಿಯಲ್ಲಿ ಅವನಿಗೆ ಥ್ಯಾಂಕ್ಸ್ ಇದೆ.

ಪುಸ್ತಕ ಕೊಡುತ್ತೇನೆ ಅಂದಾಗ ಅವರು ಒಂದು ಫಾರ್ಮ್ ಕೊಟ್ಟರು. ಈ ಕಥೆಯ ಶೀರ್ಷಿಕೆ ಅದರ ಏಳನೇ ನಿಯಮ. ಸಂಘಮಿತ್ರಾ, ಇದೊಂದು ಆಗುವುದಿಲ್ಲ ಸರ್ ಅಂತ ಟಿಪ್ಪಣಿಗಳ ಎರಡು ಮೂರು ಫೋಟೋ ಕಳಿಸಿದಳು. ಅರ್ಧ ಗಂಟೆಯಲ್ಲಿ ಪ್ರೊಫೆಸರರ ಫೋನು ಬಂತು. ಇದು ದಾಖಲೆ ಕಣಮ್ಮಾ, ಚರಿತ್ರೆ, ಒಂದು ಅಕ್ಷರವೂ ಹೋಗಕೂಡದು ಅಂದರು. ನಿಯಮ ರದ್ದಾಯಿತು. ಪುಸ್ತಕಗಳೆಲ್ಲ ವಾಚನಾಲಯಕ್ಕೆ ಹೋದವು. ಗಾಜಿನ ಬೀರು ಬಂತು, ಅದರ ಮೇಲೆ ‘ಆನಂದ್ ಪುಟ್ಟಯ್ಯ ಸಂಗ್ರಹ’ ಅಂತ ಹಿತ್ತಾಳೆ ಫಲಕ. ಭಾನುವಾರ ಉದ್ಘಾಟನೆ ಅಂತ ಕಾರ್ಡು ಛಾಪಾಯಿತು. ಪುಟ್ಟಯ್ಯ ಆ ಕಾರ್ಡನ್ನು ಕಾಗದನಗರದಲ್ಲಿ ಮನೆಮನೆಗೆ ಕೊಟ್ಟು ಬಂದ. ಮೂವತ್ತು ವರ್ಷ ಕಾಗದ ಮಾಡಿದೆ, ನಮ್ಮ ಹೆಸರು ಅಚ್ಚಾಗಿದ್ದು ಈಗಲೇ ನೋಡಿದ್ದು ಅಂತ ಎಲ್ಲರಿಗೂ ಹೇಳಿದ.

ಬುಧವಾರ ಮತ್ತೆ ಫೋನು. ಈ ಸಲ ಜಯಾ. ಒಂದು ಸಲ ಬಂದು ಹೋಗಿ ಅಂದರು.

೪.

ಇಲ್ಲಿ ವೆಂಕಟಾಚಲ ನನ್ನನ್ನು ತಡೆದರು. ಕಾಲ್ಪನಿಕ ವ್ಯಕ್ತಿಗಳು ಲಾಯರ್ ನೋಟೀಸು ಕಳಿಸುವುದಿಲ್ಲ, ವಾಟ್ಸಾಪ್ ಕಳಿಸುತ್ತಾರೆ. ನೀವು ನನ್ನನ್ನು ಕೆಟ್ಟವನನ್ನಾಗಿ ಮಾಡಲು ಹೊರಟಿದ್ದೀರಿ ಅಂತ ಬರೆದಿದ್ದರು. ಆ ಪುಸ್ತಕ ಅನುವಾದಿಸುವಾಗ ಎರಡು ಸಲ ಅತ್ತಿದ್ದೇನೆ, ಅದನ್ನೂ ಬರೆಯಿರಿ ಅಂತ.

ಬರೆದೆ. ಅವರು ಎರಡು ಸಲ ಅತ್ತದ್ದು ನಿಜ. ಅದರಲ್ಲಿ ಒಂದು ಸಲ ನೂರ ಹದಿನೆಂಟನೇ ಪುಟದಲ್ಲಿ.

ಕೆಟ್ಟವರಾಗಿದ್ದರೆ ನನಗೂ ಕೆಲಸ ಸುಲಭವಿತ್ತು, ಸರ್.

೬.

(ಐದನ್ನು ಬರೆದಿದ್ದೆ. ಅದರಲ್ಲಿ ಬೈಗುಳ ಬಿಟ್ಟು ಬೇರೇನೂ ಇರಲಿಲ್ಲ.)

ಗುರುವಾರ ಬೆಳಿಗ್ಗೆ ಸಂಘಮಿತ್ರಾ ಮತ್ತು ಪುಟ್ಟಯ್ಯ ವಾಚನಾಲಯಕ್ಕೆ ಬಂದರು. ಮೇಜಿನ ಮೇಲೆ ಒಂದೇ ಪುಸ್ತಕ: ವೆಂಕಟಾಚಲರ ಅನುವಾದ, ಆನಂದನ ಪ್ರತಿ. ಮೊದಲ ಪುಟದಲ್ಲಿ ಅವರದೇ ಕೈಬರಹ, ‘ಪ್ರೀತಿಯ ಆನಂದನಿಗೆ’. ತೆರೆದಿದ್ದದ್ದು ನೂರ ಹದಿನೆಂಟನೇ ಪುಟ. ದೂರದ ಒಂದು ನಗರದಲ್ಲಿ ಕರಿಯ ಮನುಷ್ಯನೊಬ್ಬ ಬಾಡಿಗೆಗೆ ರೂಮು ಕೇಳುತ್ತಾನೆ. ಮನೆಯೊಡತಿ ಅವನ ಮುಖ ನೋಡಿ, ಈಗ ತಾನೇ ಬೇರೆಯವರಿಗೆ ಕೊಟ್ಟಾಯಿತು ಅನ್ನುತ್ತಾಳೆ. ಪಕ್ಕದಲ್ಲಿ ಪೆನ್ಸಿಲ್‌ನ ಏಳು ಸಾಲು.

ಪ್ರೊಫೆಸರರು ಸುತ್ತಿಬಳಸಲಿಲ್ಲ. ಉಳಿದದ್ದೆಲ್ಲ ಇರಲಿ, ಅದೊಂದು ಮಾತ್ರ ತೆಗೆದುಬಿಡೋಣ ಅಂದರು. ನಾಳೆ ನೂರು ಜನ ಬಂದು ಓದುವ ಜಾಗ. ಅದು ತಪ್ಪು ತಿಳುವಳಿಕೆಯಿಂದ ಬರೆದದ್ದು.

ಮೂವತ್ತೆಂಟು ಟಿಪ್ಪಣಿ. ಮೂವತ್ತೇಳು ಚರಿತ್ರೆ, ಒಂದು ತಪ್ಪು ತಿಳುವಳಿಕೆ.

“ಏನ್ ಬರ್ದಿದಾನೆ ಮಗಾ, ಓದು” ಅಂದ ಪುಟ್ಟಯ್ಯ.

ಅವಳು ಓದಿದಳು. ಸ್ವರ ಏರಲಿಲ್ಲ, ಇಳಿಯಲಿಲ್ಲ. ಬಸ್ಸಿನ ಬೋರ್ಡು ಓದಿದ ಹಾಗೆ.

“ಇದೇ ಅನುವಾದಕರ ಮನೆ. ಮಹಡಿ ಪೋರ್ಷನ್.
೨೦೧೮ ಜೂನ್ ೩, ಭಾನುವಾರ. ಕಾಫಿ, ಉಪ್ಪಿಟ್ಟು ಕೊಟ್ಟರು.
ಮೇಡಂ ಕೇಳಿದರು, ನಿಮ್ಮ ಕಡೆ ಹಬ್ಬಕ್ಕೆ ಏನು ಮಾಡ್ತೀರಿ. ಹೇಳಿದೆ.
ಮಂಗಳವಾರ ಫೋನು: ನೆಂಟರು ಬರ್ತಿದಾರೆ, ಬೇಜಾರು ಮಾಡ್ಕೋಬೇಡಿ.
ಡಿಸೆಂಬರ್‌ವರೆಗೂ ಟು ಲೆಟ್ ಬೋರ್ಡು.
ನೆಂಟರು ಬರಲಿಲ್ಲ.
ಅನುವಾದ ಚೆನ್ನಾಗಿದೆ.”

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಮಾತಾಡಿದರು. ನೆಂಟರು ಬರುವವರಿದ್ದದ್ದು ನಿಜ, ಕೊನೇ ಗಳಿಗೆಯಲ್ಲಿ ಅವರಿಗೆ ಟ್ರಾನ್ಸ್‌ಫರ್ ಆಯಿತು ಅಂತ ವೆಂಕಟಾಚಲ. ನಮಗೇನೂ ಇರಲಿಲ್ಲಮ್ಮ, ಆಗ ನಮ್ಮತ್ತೆ ಇದ್ದರು, ಮಡಿ, ಅವರಿಗೋಸ್ಕರ ಅಂತ ಜಯಾ.

“ಇಬ್ರೂ ಒಂದೇ ಕಾರಣ ಹೇಳಿ ಸ್ವಾಮಿ” ಅಂದ ಪುಟ್ಟಯ್ಯ. “ನೆನಪಿಟ್ಕೊಳಕ್ಕೆ ಸುಲಭ ಆಗುತ್ತೆ.” ಆಮೇಲೆ ಸೊಸೆಯ ಕಡೆ ತಿರುಗಿ, ತನಗೇ ಹೇಳಿಕೊಂಡಂತೆ ಹೇಳಿದ: “ಮನೆ ಏನಾಯ್ತೋ ಅಂತ ನಾನ್ ಕೇಳಿದ್ದೆ ಅವತ್ತು. ಅಲ್ಲಿ ನೀರಿಗೆ ತೊಂದ್ರೆ ಇದೆ ಅಪ್ಪ, ಬೇಡ ಅಂದೆ ಅಂದಿದ್ದ.”

ಏಳು ವರ್ಷ ಆ ಮುದುಕ ಸವಳಂಗ ರಸ್ತೆಯಲ್ಲಿ ನೀರಿಲ್ಲ ಅಂತಲೇ ನಂಬಿಕೊಂಡಿದ್ದ. ಯಾರಾದರೂ ಆ ಕಡೆ ಮನೆ ನೋಡುತ್ತಿದ್ದೇನೆ ಅಂದರೆ, ನೀರಿನ ವಿಚಾರ ಕೇಳಿಕೊಳ್ಳಿ ಅಂತ ಬುದ್ಧಿ ಹೇಳುತ್ತಿದ್ದ.

ಪ್ರೊಫೆಸರರಿಗೆ ನಿಜಕ್ಕೂ ನೋವಾಗಿತ್ತು. (ಇದನ್ನೂ ಬರೆಯುತ್ತಿದ್ದೇನೆ ಸರ್.) “ಆನಂದ ಇದ್ದಿದ್ರೆ ನಾನೇ ಕೂರಿಸಿಕೊಂಡು ಮಾತಾಡ್ತಿದ್ದೆ” ಅಂದರು. “ಅವನು ಏನು ನೋಡಿದ, ಏನು ಅಂದ್ಕೊಂಡ, ಕೇಳೋಣ ಅಂದ್ರೆ ಈಗ ಅವನಿಲ್ಲ.”

ಜಯಾ ಡ್ರಾಯರಿನಿಂದ ಒಂದು ಹೊಸ ರಬ್ಬರು ತೆಗೆದು ಪುಸ್ತಕದ ಪಕ್ಕ ಇಟ್ಟರು. ನಾವು ಮುಟ್ಟುವುದು ಸರಿಯಲ್ಲ, ನೀವೇ ಮಾಡಿದರೆ ಮರ್ಯಾದೆ ಅಂದರು. ಅಳಿಸದಿದ್ದರೆ ಏನು ಅಂತ ಯಾರೂ ಹೇಳಲಿಲ್ಲ. ಬೀರು, ಫಲಕ, ಭಾನುವಾರ ಎಲ್ಲ ಆ ರಬ್ಬರಿನ ಆಚೆ ಕಡೆ ಇತ್ತು.

ಮುಕ್ತಾಯಗಳು

ಮೊದಲನೆಯದು. ಸಂಘಮಿತ್ರಾ ಎದ್ದು ನಿಲ್ಲುತ್ತಾಳೆ, ಲಗೇಜ್ ಆಟೋ ಕರೆಸಿ ಇನ್ನೂರ ಹನ್ನೊಂದನ್ನೂ ವಾಪಸ್ ಒಯ್ಯುತ್ತಾಳೆ. ನೀವು ಚಪ್ಪಾಳೆ ತಟ್ಟುತ್ತೀರಿ. “ಚಪ್ಪಾಳೆ ತಟ್ಟಿದವರ ಮನೇಲಿ ಜಾಗ ಇದ್ಯಾ ಕೇಳಿ” ಅಂದಳು. ಕೇಳುತ್ತಿದ್ದೇನೆ: ಇದೆಯಾ?

ಎರಡನೆಯದು. ಅವಳು ಅಳಿಸುತ್ತಾಳೆ. ಪುಟ್ಟಯ್ಯ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯುತ್ತಾನೆ. ಕಾಗದದವನಿಗೆ ಕಾಗದ ಗೊತ್ತು. ಪೆನ್ಸಿಲ್ ಒತ್ತಿದ ತಗ್ಗು ಹಾಗೇ ಇದೆ, ಹೆಬ್ಬೆರಳಿಗೆ ಸಿಗುತ್ತದೆ, ಏಳೂ ಸಾಲು. ಚೆನ್ನಾಗಿದೆ ಅಲ್ಲವಾ? ಎಂ.ಎ. ಮಾಡಿದವರಿಗೆ ಇಂಥದ್ದು ಕಂಡರೆ ಬಾಯಲ್ಲಿ ನೀರೂರುತ್ತದೆ. ಸಂಘಮಿತ್ರಾ ಓದಿ, “ಅಳಿಸಿದ್ರೂ ಉಳಿಯುತ್ತೆ ಅನ್ನೋದು ಅಳಿಸಿದವರಿಗೆ ಸಮಾಧಾನ” ಅಂದಳು. ಹರಿದೆ.

ಮೂರನೆಯದು. ನಿಯಮ ಇರುವುದು ಪೆನ್ಸಿಲ್‌ಗೆ. ಅವಳು ಬಾಲ್‌ಪೆನ್ನು ತೆಗೆದು ಏಳು ಸಾಲಿನ ಮೇಲೂ ತಿದ್ದುತ್ತಾಳೆ, ಇನ್ನು ಯಾವ ರಬ್ಬರಿಗೂ ಅಳಿಯದ ಹಾಗೆ. ಇದನ್ನು ಬರೆದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ಅವಳು ನನ್ನ ಕಡೆ ನೋಡಿದಳು.

“ಅವನ ಅಕ್ಷರ ಉಳಿದಿರೋದು ಅಷ್ಟೇ. ಅದರ ಮೇಲೆ ನನ್ನ ಪೆನ್ನು ಆಡಿಸ್ಲಾ ಮಾರಾಯ್ತಿ?”

ನಾನು ಕುರ್ಚಿ ಹಿಂದಕ್ಕೆ ಎಳೆದುಕೊಂಡೆ. ಇನ್ನು ಮುಂದಿನದು ಅವಳು ಮಾಡಿದ್ದು.

ಲೆಕ್ಕಕ್ಕಿಲ್ಲದ್ದು

ಸಂಘಮಿತ್ರಾ ರಬ್ಬರನ್ನು ಮುಟ್ಟಲಿಲ್ಲ. ಬ್ಯಾಗಿನಿಂದ ಪೆನ್ನು ತೆಗೆದಳು. ಆನಂದನ ಏಳನೇ ಸಾಲಿನ ಕೆಳಗೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಬರೆದಳು. ಹನ್ನೊಂದು ತಿಂಗಳಲ್ಲಿ ಸಹಿ ಬಿಟ್ಟು ಅವಳು ಬರೆದ ಮೊದಲ ಮಾತು.

“ನಾನೂ ಇದ್ದೆ. ಅದೇ ಸೋಫಾ.
ಬೋರ್ಡು ನಾನೂ ನೋಡಿದೆ. ಸಂಘಮಿತ್ರಾ.”

(ಇದನ್ನು ಅವಳು ನನಗೂ ಹೇಳಿರಲಿಲ್ಲ. ಹೇಳಿದ್ದರೆ ಆರು ಪುಟ ಉಳಿಯುತ್ತಿತ್ತು.)

ವೆಂಕಟಾಚಲ ಕನ್ನಡಕದ ಮೇಲಿಂದ ನೋಡಿದರು. “ನೀವೂ ಬಂದಿದ್ರಾ ಅವತ್ತು?”

ಅವರು ನಟಿಸುತ್ತಿರಲಿಲ್ಲ. ಅವತ್ತು ಅವಳಿಗೂ ಉಪ್ಪಿಟ್ಟು ಕೊಟ್ಟಿದ್ದರು, ಇನ್ನೊಂದು ಸ್ವಲ್ಪ ಹಾಕಲಾ ಅಂತಲೂ ಕೇಳಿದ್ದರು. ಮುಕ್ಕಾಲು ಗಂಟೆ ಎದುರಿಗೆ ಕೂತವಳ ಮುಖ ಅವರಿಗೆ ನೆನಪಿಲ್ಲ. ಮನುಷ್ಯ ಮನುಷ್ಯನನ್ನು ಹೇಗೆ ನೋಡುತ್ತಾನೆ ಅನ್ನುವುದರ ಮೇಲೆ ನಾನೂರು ಪುಟ ಅನುವಾದಿಸಿದವರು.

ಅವಳು ಪುಸ್ತಕವನ್ನು ತಿರುಗಿಸಿ ಅವರ ಕಡೆ ತಳ್ಳಿದಳು.

“ಅವನಿಲ್ಲ ಅಂದ್ರಲ್ಲ ಸರ್. ಕೇಳಿ, ನಾನಿದೀನಿ.”

ಪುಟ್ಟಯ್ಯ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದು ಕೂತ. ಜಯಾ ಗಂಡನ ಮುಖ ನೋಡಿದರು.

ಭಾನುವಾರ ಉದ್ಘಾಟನೆ ಆಯಿತಾ, ಫಲಕ ಉಳಿಯಿತಾ ಅಂತ ನನ್ನನ್ನು ಕೇಳಬೇಡಿ. ನನಗೆ ಗುರುವಾರವೇ ಇನ್ನೂ ಮುಗಿದಿಲ್ಲ. ಹೇಗಾದರೂ ಒಂದು ಕೊನೆ ಕಾಣಿಸಿ ಅಂತ ವೆಂಕಟಾಚಲರಿಂದ ಮೂರು ಮೆಸೇಜು ಬಂದಿವೆ, ಉತ್ತರ ಕೊಟ್ಟಿಲ್ಲ. ಪ್ರಶ್ನೆ ಕೇಳಬೇಕಾದವರು ಅವರು, ಉತ್ತರ ಹೇಳಬೇಕಾದವಳು ಎದುರಿಗೇ ಕೂತಿದ್ದಾಳೆ, ನಡುವೆ ನನಗೇನು ಕೆಲಸ? ಅವರು ಇನ್ನೂ ಪುಟದ ಮೇಲೆ ಬಗ್ಗಿದ್ದಾರೆ. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ಮೊದಲಿನಿಂದ ಓದುತ್ತಿದ್ದಾರೆ.

ಒಂಬತ್ತು ಸಾಲು. ಅಷ್ಟು ಹೊತ್ತು ಬೇಕಾಗುವುದಿಲ್ಲ.